ಬೆಂಗಳೂರಿಗೆ ಹೋದ ಮಣ್ಣು

ಖಾನಾಪುರದ ಕುಂಬಾರರ ಕುಣಿಯೊಳಗಿನ ಮಣ್ಣಿಗೆ ಯಾವ ಸರಕಾರದ ಕಾನೂನು ಹತ್ತುತ್ತದೆ ಎಂದು ನೋಡಿಕೊಂಡು ಬರಲು ಗುರುಪಾದಪ್ಪನನ್ನು ಕಳಿಸಿದ್ದು ೧೯೮೨ರ ನವೆಂಬರಿನಲ್ಲಿ. ಅವನು ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮಾಡಿ, ಬೆಳಗಾವಿಯ ಗಣಿ ಕಚೇರಿಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಬರೆದದ್ದನ್ನು ಎರಡು ಸಲ ಓದಿ, ಮೂರನೆಯ ಸಲ ಬೇರೆಯವರಿಂದ ಓದಿಸಿ ಸಹಿ ಹಾಕುವ ಮನುಷ್ಯ. ಶಿವಬಸವ ನಗರದ ಮನೆಯಲ್ಲಿ ಹಾಲಿನವನ ಮಾಪನ್ನೂ ಒಮ್ಮೆ ನೀರು ತುಂಬಿಸಿ ಅಳೆದಿದ್ದ. ಮಾಪು ಸರಿಯಿತ್ತು. ಹಾಲಿನವನು ಆ ಮನೆಗೆ ಹಾಲು ಹಾಕುವುದನ್ನು ಬಿಟ್ಟ.

"ಕೆಲಸ ಸಣ್ಣದೈತ್ರಿ," ಅಂದರು ಕಚೇರಿಯ ಮುಖ್ಯಸ್ಥ ಬಸಲಿಂಗಪ್ಪನವರು. "ಸಾದಾ ಜೇಡಿಮಣ್ಣಾದ್ರ ಸಣ್ಣ ಖನಿಜ, ರಾಜ್ಯದ ನಿಯಮ ನಡೀತೈತಿ. ಫೈರ್‌ಕ್ಲೇ ಆದ್ರ ದೊಡ್ಡ ಖನಿಜ, ಕೇಂದ್ರದ ಕಾಯ್ದೆ. ಎರಡರಾಗ ಯಾವುದಂತ ನೀವ್ ಹೇಳ್ರಿ. ಉಳದದ್ದು ಫೈಲ್ ಹೇಳ್ತೈತಿ."

ಫೈರ್‌ಕ್ಲೇ ಎಂದರೆ ಎಷ್ಟು ಕಾಸಿದರೂ ಸುಲಭಕ್ಕೆ ಕರಗದ ಮಣ್ಣು. ಸಾವಿರದ ಐನೂರು ಡಿಗ್ರಿ ದಾಟಿಯೂ ನೆಟ್ಟಗೆ ನಿಂತರೆ ಅದು ಫೈರ್‌ಕ್ಲೇ, ಅದಕ್ಕೂ ಮೊದಲೇ ಬಾಗಿ ಕೂತರೆ ಸಾದಾ ಮಣ್ಣು. ವ್ಯತ್ಯಾಸ ಇಷ್ಟೇ. ಆದರೆ ರಾಜ್ಯದ ನಿಯಮದಲ್ಲಿ ಒಂದು ಸಾಲು ಇತ್ತು: ವಂಶಪಾರಂಪರ್ಯವಾಗಿ ಗಡಿಗೆ ಮಾಡುವ ಕುಂಬಾರರು ಸಾದಾ ಮಣ್ಣನ್ನು ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದು. ಕೇಂದ್ರದ ನಿಯಮದಲ್ಲಿ ಕುಂಬಾರರ ಮಾತೇ ಇರಲಿಲ್ಲ. ಅಲ್ಲಿದ್ದದ್ದು ಅರ್ಜಿದಾರರು ಮಾತ್ರ. ಅರ್ಜಿದಾರ ಆಗಲೇ ಇದ್ದ. ಕುಲುಮೆಗಳಿಗೆ ಬೇಕಾಗುವ ಇಟ್ಟಿಗೆ ಮಾಡುವ ಬೆಳಗಾವಿಯ ಕಾರ್ಖಾನೆಯೊಂದು ಆ ಒಂದೂವರೆ ಎಕರೆ ಕುಣಿಯನ್ನು ಇಪ್ಪತ್ತು ವರ್ಷಕ್ಕೆ ಕೇಳಿತ್ತು. ಮಣ್ಣು ಫೈರ್‌ಕ್ಲೇ ಆದರೆ ಕುಣಿ ಕಾರ್ಖಾನೆಗೆ. ಸಾದಾ ಆದರೆ ಇಪ್ಪತ್ತೆರಡು ಕುಂಬಾರ ಮನೆಗಳಿಗೆ.

ಜೀಪಿನ ಚಾಲಕ ಇಮಾಮಹುಸೇನ ದೇಸೂರು ದಾಟುವವರೆಗೆ ಇದನ್ನೆಲ್ಲ ಕೇಳಿಸಿಕೊಂಡ.

"ಅಂದ್ರ ಸಾಹೇಬ್ರ, ಮಣ್ಣು ಚಲೋ ಇದ್ರ ಬಡವರ ಕೈ ಬಿಡ್ತೈತಿ. ಖರಾಬ್ ಇದ್ರ ಅವರ್ದ."

"ಚಲೋ ಖರಾಬ್ ಅಲ್ಲೋ. ಶಾಖದ ಪ್ರಶ್ನೆ."

"ಅದನ್ನ ನಾ ಹೇಳಿದ್ದು," ಅಂದ ಇಮಾಮಹುಸೇನ.

ಕುಣಿಯ ಹತ್ತಿರ ಎರಡೂ ಪಕ್ಷದವರು ನಿಂತಿದ್ದರು. ಕಾರ್ಖಾನೆಯ ಪರವಾಗಿ ಮ್ಯಾನೇಜರ್ ಬಾಳಾಸಾಹೇಬ, ಬಿಳಿ ಸಫಾರಿಯಲ್ಲಿ, ಕೆಸರು ತಾಗದಂತೆ ಒಂದು ಕಲ್ಲಿನ ಮೇಲೆ. ಕುಂಬಾರರ ಪರವಾಗಿ ಪದ್ಮವ್ವ, ಕುಣಿಯೊಳಗೆ, ಮೊಣಕಾಲುಮಟ ಸೀರೆ ಎತ್ತಿ ಕಟ್ಟಿಕೊಂಡು. ಅರವತ್ತು ದಾಟಿದ ಆಕೆಯ ಮಾತಿಗೆ ಓಣಿಯ ಇಪ್ಪತ್ತೆರಡು ಮನೆಗಳೂ ತಲೆಯಾಡಿಸುತ್ತಿದ್ದವು. ಗಂಡ ತೀರಿದ ಮೇಲೆ ತಿಗರಿಯನ್ನು ಮೈದುನ ಲಕ್ಷ್ಮಪ್ಪ ತಿರುಗಿಸುತ್ತಿದ್ದ. ಮಣ್ಣು ಹದ ಮಾಡುವ ಕೆಲಸವನ್ನು ಮಾತ್ರ ಆಕೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಬರ್ರಿ ಸಾಹೇಬ್ರ, ಹುಷಾರ್, ಜಾರತೈತಿ," ಅಂದಳು. "ಅವರಂಗ ಕಲ್ಲಿನ ಮ್ಯಾಲ ನಿಂತ್ರ ಮಣ್ಣು ಹೆಂಗ ತಿಳೀತದ?"

"ಮಾವಶಿ, ನಾ ಮಣ್ಣು ತಿಳಕೊಂಡ ಬಂದೀನಿ," ಅಂದ ಬಾಳಾಸಾಹೇಬ. "ಖರೇ ಹೇಳ್ಬೇಕಂದ್ರ ಇಂಥಾ ಮಣ್ಣಾಗ ಗಡಿಗಿ ಮಾಡೂದು ಜರೀ ಸೀರಿಯಿಂದ ನೆಲಾ ಒರಸಿದಂಗ."

"ನಿನ್ನ ಮನ್ಯಾಗ ನೀರು ಯಾತರಾಗ ತುಂಬತಾರಪಾ?"

"ಪಿತ್ತಾಳಿ ಹಂಡೇದಾಗ."

"ಅದಕ್ಕ ನಿನಗ ಇಷ್ಟ ಉರಿ," ಅಂದಳು ಪದ್ಮವ್ವ.

ಗುರುಪಾದಪ್ಪ ಪುಸ್ತಕದಲ್ಲಿದ್ದಂತೆಯೇ ಮಾದರಿ ತೆಗೆದ. ಐದು ಜಾಗ, ಪ್ರತಿಯೊಂದರಲ್ಲೂ ಮೂರು ಅಡಿ ಆಳ. ತೆಗೆದ ಮಣ್ಣನ್ನೆಲ್ಲ ಒಂದೇ ಗುಪ್ಪೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಬಿಟ್ಟು, ಉಳಿದ ಎರಡನ್ನು ಮತ್ತೆ ಕೂಡಿಸಿ, ಮತ್ತೆ ನಾಲ್ಕು ಮಾಡಿ, ಕೊನೆಗೆ ಮೂರು ಕಿಲೋ ಉಳಿಯುವವರೆಗೆ. ಬಾಳಾಸಾಹೇಬ ಕೈಗಡಿಯಾರ ನೋಡಿಕೊಳ್ಳುತ್ತ ನಿಂತ. ಪದ್ಮವ್ವ ಮೊದಲು ನಕ್ಕಳು, ಆಮೇಲೆ ಗಂಭೀರವಾದಳು. ಮಣ್ಣಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನು ಆಕೆ ಓಣಿಯ ಹೊರಗೆ ಕಂಡಿರಲಿಲ್ಲ. ಮಾದರಿಗೆ ಖಾ–೧ ಎಂದು ಚೀಟಿ ಬಿತ್ತು, ಇಬ್ಬರೂ ಚೀಟಿಯ ಮೇಲೆ ಗುರುತು ಹಾಕಿದರು. ಬಾಳಾಸಾಹೇಬ ಸಹಿ, ಪದ್ಮವ್ವ ಹೆಬ್ಬೆಟ್ಟು.

ಮಳೆಗಾಲ ಮುಗಿದು ತಿಂಗಳಾಗಿದ್ದರೂ ಮಣ್ಣು ಹಸಿಯಿತ್ತು. ಹಸಿಯನ್ನು ಹಾಗೇ ಚೀಲಕ್ಕೆ ತುಂಬಿ ಅರಗು ಹಾಕಿದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಬೂಸಲು ಹಿಡಿಯುತ್ತದೆ. ಒಣಗಿಸಬೇಕು. ಗುರುಪಾದಪ್ಪನಿಗೆ ಹೇಗೂ ಎರಡು ದಿನ ಖಾನಾಪುರದ ಪ್ರವಾಸಿ ಬಂಗಲೆಯಲ್ಲಿದ್ದು ಸುತ್ತಲಿನ ಸರ್ವೆ ಕಲ್ಲುಗಳನ್ನು ಅಳೆಯುವುದಿತ್ತು.

"ನಮ್ಮ ಕಟ್ಟೀ ಮ್ಯಾಲ ಇಡ್ರಿ," ಅಂದಳು ಪದ್ಮವ್ವ. "ಬಿಸಲ ಬೀಳತೈತಿ, ಕೋಳಿ ಬರಂಗಿಲ್ಲ."

ಬಾಳಾಸಾಹೇಬನೂ ಆಕ್ಷೇಪಿಸಲಿಲ್ಲ. ಕುಂಬಾರರು ಮಣ್ಣನ್ನು ಕದಿಯುತ್ತಾರೆಂದು ಅವನಿಗೆ ಅನಿಸಲಿಲ್ಲ, ಅವರ ಹತ್ತಿರ ಅದು ಬೇಕಾದಷ್ಟಿತ್ತು.

ಮೂರನೆಯ ದಿನ ಹೋಗಿ ನೋಡಿದರೆ ಮಾದರಿ ಗೋಣಿತಾಟಿನ ಮೇಲೆ ನಿಂಬೆಹಣ್ಣಿನ ಗಾತ್ರದ ಉಂಡೆಗಳಾಗಿ, ಒಂದೇ ಬಣ್ಣದಲ್ಲಿ, ಸೊಗಸಾಗಿ ಒಣಗಿತ್ತು. ಗುರುಪಾದಪ್ಪ ತೃಪ್ತಿಯಿಂದ ಚೀಲಕ್ಕೆ ತುಂಬಿ, ಅರಗು ಕರಗಿಸಿ ಮುದ್ರೆ ಒತ್ತಿ, ತೂಗಿದ. ಮೂರು ಕಿಲೋ. ಒಣಗಿದ ಮೇಲೆ ತೂಕ ಇಳಿಯಬೇಕಿತ್ತು. ಇಳಿದಿರಲಿಲ್ಲ. ತಕ್ಕಡಿಯ ಮೇಲೆ ಅನುಮಾನ ಬಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: 'ತಕ್ಕಡಿ ಪರೀಕ್ಷಿಸಬೇಕು.' ಅದರ ಕೆಳಗೆ: 'ಮಾದರಿಯನ್ನು ಸುರಕ್ಷಿತ ಸ್ಥಳದಲ್ಲಿ ಒಣಗಿಸಲಾಯಿತು.' ಬೆಳಗಾವಿಗೆ ಬಂದವನೇ ತಕ್ಕಡಿಯನ್ನು ಪರೀಕ್ಷಿಸಿದ. ತಕ್ಕಡಿ ಸರಿಯಿತ್ತು. ಆ ಹೊತ್ತಿಗೆ ಚೀಲ ರೈಲಿನಲ್ಲಿತ್ತು.

ಮಾರ್ಚಿನಲ್ಲಿ ಬೆಂಗಳೂರಿನ ಪ್ರಯೋಗಾಲಯದಿಂದ ಫಲಿತಾಂಶ ಬಂತು. ಖಾ–೧ ಸಾವಿರದ ಇನ್ನೂರಾ ಎಂಬತ್ತು ಡಿಗ್ರಿಗೆ ಬಾಗಿ, ಸಾವಿರದ ಮುನ್ನೂರು ದಾಟುವುದರೊಳಗೆ ಕರಗಿ ಕೂತಿತ್ತು. ಸಾದಾ ಮಣ್ಣು. ಗುರುಪಾದಪ್ಪ ವರದಿ ಬರೆದ, ಎರಡು ಸಲ ಓದಿದ, ಮೂರನೆಯ ಸಲ ಗುಮಾಸ್ತ ತಮ್ಮಣ್ಣನಿಂದ ಓದಿಸಿದ. ಕಾರ್ಖಾನೆಯ ಅರ್ಜಿ ತಿರಸ್ಕೃತವಾಯಿತು. ಕುಣಿ ಕುಂಬಾರರಿಗೇ ಉಳಿಯಿತು.

ಸುದ್ದಿ ಹೇಳುವುದು ಅವನ ಕೆಲಸವಾಗಿರಲಿಲ್ಲ. ಆದರೂ ಏಪ್ರಿಲ್‌ನಲ್ಲಿ ನಂದಗಡದ ಕಡೆ ಒಂದು ಕಲ್ಲಿನ ಕ್ವಾರಿ ನೋಡಲು ಹೋದಾಗ, ವಾಪಸ್ ಬರುವಾಗ ಜೀಪು ತಿರುಗಿಸು ಅಂದ. ಒಳ್ಳೆಯ ಸುದ್ದಿ ಒಯ್ಯುವ ಅವಕಾಶ ಅವನ ಇಲಾಖೆಯಲ್ಲಿ ಅಪರೂಪ.

ಪದ್ಮವ್ವ ಕಂಬಳಿ ಹಾಸಿ, "ಕುಂದರ್ರಿ" ಅಂದು, ಮಜ್ಜಿಗೆ ಕೊಟ್ಟು, ಎಲ್ಲವನ್ನೂ ಕೇಳಿದಳು. ಕುಣಿ ನಿಮ್ಮದೇ ಎಂದಾಗ ಲಕ್ಷ್ಮಪ್ಪ ತಿಗರಿ ನಿಲ್ಲಿಸಿ ಎದ್ದು ಬಂದು ಕೈ ಮುಗಿದ. ಪದ್ಮವ್ವ ಮುಗಿಯಲಿಲ್ಲ.

"ಏನಾತು ಅಂದ್ರಿ ಬೆಂಗಳೂರಾಗ?"

"ಸಾವಿರದ ಇನ್ನೂರಾ ಎಂಬತ್ತಕ್ಕ ಕರಗಿತು."

"ಏನು ಕರಗಿತು?"

"ಮಣ್ಣು."

"ನಮ್ಮ ಮಣ್ಣು?"

"ಹೌದ್ರಿ."

ಪದ್ಮವ್ವ ಮೈದುನನ ಕಡೆ ನೋಡಿದಳು. "ಲಕ್ಷ್ಮಪ್ಪಾ, ಫೌಂಡ್ರಿ ನಡಸೂ ಗನಿ ವರ್ಷಾ ಎರಡ ಗಾಡಿ ಒಯ್ತಾನಲ್ಲ, ಯಾಕ ಒಯ್ತಾನಂತ ಹೇಳು ಸಾಹೇಬ್ರಿಗೆ."

"ಕಬ್ಬಣಾ ಕರಗಸೂ ಭಟ್ಟಿಗೆ ಒಳಗ ಬಳಿಯಾಕ್ರಿ," ಅಂದ ಲಕ್ಷ್ಮಪ್ಪ. "ಕಬ್ಬಣಾ ನೀರಾಗತೈತಿ, ನಮ್ಮ ಮಣ್ಣು ಅಲ್ಲಾಡಂಗಿಲ್ಲ."

"ಅವರಪ್ಪನ ಕಾಲದಿಂದ ಒಯ್ಯಾಕತ್ತಾರ. ಒಮ್ಮಿ ಕರಗಿಲ್ಲ. ಬೆಂಗಳೂರಾಗ ಕರಗತದಂದ್ರ ಯಾರ ಮಣ್ಣು ನೋಡ್ಯಾರ ಅವರು?"

ಗುರುಪಾದಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟ. ಕಬ್ಬಿಣದ ಕುಲುಮೆಯ ಶಾಖ ಎಷ್ಟೆಂದು ಅವನಿಗೆ ಗೊತ್ತಿತ್ತು.

"ನನ್ನ ಚೀಟಿ ಇದ್ದ ಮಣ್ಣು ಅದ. ನಿಮ್ಮ ಕಟ್ಟೀ ಮ್ಯಾಲ ಒಣಗಿದ್ದು."

"ಅದಕ್ಕರಿ ನಾ ಕೇಳೂದು! ಅಷ್ಟು ಕಷ್ಟಪಟ್ಟು ಕಳಿಸಿದ್ದು ಕರಗತದಂದ್ರ ಹೆಂಗ? ಎರಡ ದಿನಾ ಕೂತೀನ್ರಿ ಅದರ ಮುಂದ."

"ಕೂತು ಏನ್ ಮಾಡಿದ್ರಿ?"

ಪದ್ಮವ್ವ ಹೇಳಿದಳು. ಬಚ್ಚಿಡುವಂಥದ್ದು ಏನೂ ಇಲ್ಲದ್ದರಿಂದ ಸಂತೋಷದಿಂದಲೇ ಹೇಳಿದಳು. ಸಾಹೇಬರು ಬಿಟ್ಟು ಹೋದ ಮಣ್ಣಿನಲ್ಲಿ ಹರಳಿತ್ತು, ಬೇರಿತ್ತು, ಒಂದು ಶಂಖದ ಹುಳವೂ ಇತ್ತು. ಹಾಗೆಯೇ ಬೆಂಗಳೂರಿಗೆ ಹೋದರೆ ಅಲ್ಲಿಯವರು ಖಾನಾಪುರದ ಕುಂಬಾರರಿಗೆ ಮಣ್ಣು ಹಿಡಿಯಲು ಬರುವುದಿಲ್ಲ ಅಂದಾರು. ಅದಕ್ಕೆ ನೆನೆಹಾಕಿ, ಎರಡು ಸಲ ಸೋಸಿ, ಮನೆಯ ಪದ್ಧತಿಯಂತೆ ಜರಡಿ ಹಿಡಿದ ಬೂದಿ ಸೇರಿಸಿ, ತುಳಿದು ಹದ ಮಾಡಿ, ಉಂಡೆ ಕಟ್ಟಿ ಒಣಗಿಸಿದ್ದಳು.

"ಹರಳು ತಗದ ಮ್ಯಾಲ ಸ್ವಲ್ಪ ಕಮ್ಮಿ ಬಿತ್ರಿ. ಸರಕಾರದ ಮಣ್ಣು ಕಮ್ಮಿ ಆಗಬಾರದಂತ ನಮ್ಮದ ಹದಾ ಮಾಡಿದ್ದು ಹಾಕಿ ಮೂರು ಕಿಲೋ ತುಂಬಿಸೀನಿ. ಅಂಗಡ್ಯಾಗ ತೂಗಿಸೀನಿ ಮತ್ತ."

"ಯಾಕ್ರಿ ಪದ್ಮವ್ವಾರ?"

"ಹೆಣ್ಣು ತೋರಸೂ ಮುಂದ ತಲೀ ಬಾಚದ ಕಳಸ್ತಾರೇನ್ರಿ?"

ಬೂದಿಯಲ್ಲಿ ಸುಣ್ಣವಿರುತ್ತದೆ, ಕ್ಷಾರವಿರುತ್ತದೆ. ಅದು ಬಿದ್ದರೆ ಎಂಥ ಮಣ್ಣೂ ಬೇಗ ಕರಗುತ್ತದೆ. ಎಂ.ಎಸ್ಸಿ. ಮೊದಲ ವರ್ಷದ ಪಾಠ. ಗಡಿಗೆ ಕಡಿಮೆ ಉರಿಯಲ್ಲಿ ಗಟ್ಟಿಯಾಗಲೆಂದೇ ಕುಂಬಾರರು ಅದನ್ನು ಹಾಕುತ್ತಾರೆ. ಎಂ.ಎಸ್ಸಿ. ಮಾಡದೆಯೇ ಹಾಕುತ್ತಾರೆ. ಗುರುಪಾದಪ್ಪ ಮಜ್ಜಿಗೆ ಮುಗಿಸಿ, ಕುಣಿಗೆ ಹೋಗಿ, ಐದು ಜಾಗದಲ್ಲಿ ಮತ್ತೆ ಮೂರು ಅಡಿ ಅಗೆದು, ಗುಪ್ಪೆ ಮಾಡಿ ಪಾಲು ಮಾಡಿ, ಮೂರು ಕಿಲೋವನ್ನು ಜೀಪಿನಲ್ಲಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಚೀಟಿಯ ಮೇಲೆ ಖಾ–೨ ಎಂದು ಬರೆದ. ಒಂದು ಶಂಖದ ಹುಳ ಈ ಸಲವೂ ಇತ್ತು. ಅದನ್ನೂ ತೆಗೆಯಲಿಲ್ಲ.

"ಸಾಹೇಬ್ರ, ಒಂದ ಮಾತು," ಅಂದ ಇಮಾಮಹುಸೇನ, ಊರು ದಾಟಿದ ಮೇಲೆ. "ಫಾರೆಸ್ಟ್ ನಾಕಾ ಹತ್ರ ಒಂದ ಒಡ್ಡು ಬರತೈತಿ. ಅಲ್ಲಿ ಗಾಡಿ ಜೋರಾಗಿ ಹಾರತೈತಿ. ಚೀಲಾ ಹೊರಗ ಬಿದ್ರ ಯಾರ್ದೂ ತಪ್ಪಲ್ಲ."

"ನೀ ನಿಧಾನಕ ಹೊಡಿ."

"ನಿಧಾನಕ ಹೊಡದ್ರ ಇಪ್ಪತ್ತೆರಡ ಮನಿ ಬೀಳ್ತಾವ್ರಿ."

ಗುರುಪಾದಪ್ಪ ಎರಡೂ ಕೈಯಿಂದ ಚೀಲ ಹಿಡಿದುಕೊಂಡ. ಒಡ್ಡಿನ ಹತ್ತಿರ ಇಮಾಮಹುಸೇನ ಗಾಡಿಯನ್ನು ನಿಧಾನ ಮಾಡಿದ.

ಖಾ–೨ ಸಾವಿರದ ಆರುನೂರಾ ನಲವತ್ತಕ್ಕೆ ಬಾಗಿತು. ಫಲಿತಾಂಶದ ಕೆಳಗೆ ಬೆಂಗಳೂರಿನ ರಸಾಯನತಜ್ಞ, ಯಾರೂ ಕೇಳದಿದ್ದರೂ, 'ಉತ್ತಮ ದರ್ಜೆ' ಎಂದು ಸ್ವಂತ ಅಕ್ಷರದಲ್ಲಿ ಬರೆದಿದ್ದ.

ಗುರುಪಾದಪ್ಪ ನಾಲ್ಕು ದಿನ ಆ ಕಾಗದವನ್ನು ಕಿಸೆಯಲ್ಲಿ ಇಟ್ಟುಕೊಂಡು ಓಡಾಡಿದ. ಐದನೆಯ ದಿನ ರವಿವಾರ. ಬಸ್ಸು ಹತ್ತಿ ಖಾನಾಪುರಕ್ಕೆ ಹೋದ. ಬರೆಯುವ ಮೊದಲು ಹೇಳಬೇಕು ಅನಿಸಿತ್ತು. ಹಾಗೆ ಹೇಳಬೇಕೆಂದು ಯಾವ ನಿಯಮವೂ ಇರಲಿಲ್ಲ, ಹೇಳಬಾರದೆಂದು ಒಂದಿತ್ತು.

"ನಿಮ್ಮ ಮಣ್ಣು ಕರಗಲಿಲ್ಲರಿ. ಸಾವಿರದ ಆರನೂರಾ ನಲವತ್ತರ ತನಕ ನಿಂತಿತು."

"ನೋಡಿದಿ, ಲಕ್ಷ್ಮಪ್ಪಾ?"

"ಆದ್ರ ನಾ ಇದನ್ನ ಕಚೇರಿಗೆ ತಿಳಸಬೇಕಾಗತೈತಿ. ತಿಳಿಸಿದ್ರ ಇದು ಫೈರ್‌ಕ್ಲೇ. ಕೇಂದ್ರದ ಕಾಯ್ದೆ. ಕುಣಿ ಕಾರ್ಖಾನೆಗೆ ಹೋಗಬಹುದು."

ಲಕ್ಷ್ಮಪ್ಪ ತಿಗರಿಯ ಮೇಲಿನ ಅರ್ಧ ಗಡಿಗೆಯ ಮೇಲೆ ಕೈ ಇಟ್ಟ. ಅದು ಮೆತ್ತಗೆ ಕುಸಿಯಿತು. ಪದ್ಮವ್ವ ಗುರುಪಾದಪ್ಪನ ಎದುರಿಗೆ ಬಂದಳು.

"ಹಂಗ ಮಾಡಬ್ಯಾಡ್ರಿ. ಮಣ್ಣು ಕರಗತದಂತ ಬರದೀರಲ್ಲ, ಅದನ್ನ ಅಳಸ್ರಿ. ಕುಣಿ ನಮ್ಮದಂತ ಬರದೀರಲ್ಲ, ಅದನ್ನ ಇಡ್ರಿ."

"ಎರಡೂ ಬ್ಯಾರೆ ಮಾಡಾಕ ಬರಂಗಿಲ್ಲರಿ."

"ಯಾಕ?"

ಅದು ಭೂವಿಜ್ಞಾನದ ಪ್ರಶ್ನೆಯಾಗಿರಲಿಲ್ಲ. "ಕಾಯ್ದೆ ಹಂಗೈತಿ," ಅಂದ.

"ನೀವು ಬರೀಲಿಲ್ಲಂದ್ರ?"

"ನನ್ನ ಕೈಯಿಂದ ಒಂದು ತಪ್ಪು ವರದಿ ಹೋಗೇತಿ. ಮಾದರಿ ಬಿಟ್ಟು ಹೋದಾವ ನಾನು. ನಿಮ್ಮ ತಪ್ಪಲ್ಲ."

"ನಮ್ಮ ತಪ್ಪ ಹೆಂಗಾದೀತು?" ಅಂದಳು ಪದ್ಮವ್ವ, ನಿಜವಾಗಿಯೂ ಆಶ್ಚರ್ಯದಿಂದ. ಆಮೇಲೆ ಒಳಗೆ ಹೋದಳು. ಆ ದಿನ ಮಜ್ಜಿಗೆ ಬರಲಿಲ್ಲ.

ಅವನು ಬರೆದ. ಬೂದಿ, ಹದ, ತಕ್ಕಡಿ, ತನ್ನ ಅಜಾಗರೂಕತೆ, ಎಲ್ಲವನ್ನೂ ಒಂದೂ ಬಿಡದೆ ಮೂರು ಪುಟಕ್ಕೆ ಬರೆದು, ಎರಡೂ ಫಲಿತಾಂಶಗಳನ್ನು ಲಗತ್ತಿಸಿ ಬಸಲಿಂಗಪ್ಪನವರ ಮುಂದಿಟ್ಟ.

ಬಸಲಿಂಗಪ್ಪನವರು ಓದಿ ಚಷ್ಮಾ ತೆಗೆದರು. "ಇದನ್ನ ನಾ ಎಲ್ಲಿ ಹಾಕ್ಲಿ?"

"ಅದ ಫೈಲಿನಾಗ್ರಿ."

"ಅದು ಸಣ್ಣ ಖನಿಜದ ಫೈಲ್. ನೀವ್ ಈಗ ಇದು ದೊಡ್ಡ ಖನಿಜ ಅಂತೀರಿ. ದೊಡ್ಡ ಖನಿಜದ ಕಾಗದಾ ಸಣ್ಣ ಖನಿಜದ ಫೈಲಿನಾಗ ಹಾಕಾಕ ಬರಂಗಿಲ್ಲ."

"ಹಂಗಾರ ಹೊಸಾ ಫೈಲ್ ತಗೀರಿ."

"ದೊಡ್ಡ ಖನಿಜಾ ಐತಿ ಅಂತ ಮ್ಯಾಲಿನವರು ಒಪ್ಪಿದ ಮ್ಯಾಲ ತಗೀತೀನಿ."

ಕಾಗದ ಮೇಲಿನವರಿಗೆ ಹೋಯಿತು. ಬೆಂಗಳೂರಿನವರು ಓದಿ, ಇದು ಫೈರ್‌ಕ್ಲೇ ಆಗಿದ್ದರೆ ಕೇಂದ್ರದ ಕಾಯ್ದೆಗೆ ಒಳಪಡುವ ವಿಷಯ, ನಾವು ತೀರ್ಮಾನಿಸುವಂತಿಲ್ಲ ಎಂದು ದಿಲ್ಲಿಗೆ ಕಳಿಸಿದರು. ಏಳು ತಿಂಗಳ ನಂತರ ದಿಲ್ಲಿಯಿಂದ ಉತ್ತರ ಬಂತು. ಇಂಗ್ಲಿಷಿನಲ್ಲಿತ್ತು, ಸೌಜನ್ಯದಿಂದ ಕೂಡಿತ್ತು. ಸದರಿ ಮಣ್ಣು ಸಾದಾ ಮಣ್ಣೆಂದು ಶ್ರೀ ಗುರುಪಾದಪ್ಪ ಎಂಬ ಅಧಿಕಾರಿ ವರದಿ ಸಲ್ಲಿಸಿ, ಆ ವರದಿಯ ಮೇಲೆ ರಾಜ್ಯ ಸರಕಾರದ ಆದೇಶವೂ ಆಗಿದೆ. ಸಾದಾ ಮಣ್ಣಿನ ವಿಷಯದಲ್ಲಿ ನಿಯಮ ಮಾಡುವ ಅಧಿಕಾರವನ್ನು ಕಾಯ್ದೆ ರಾಜ್ಯಗಳಿಗೆ ಬಿಟ್ಟಿದೆ. ಆದ್ದರಿಂದ ಆ ವರದಿ ತಪ್ಪೋ ಸರಿಯೋ ಎಂದು ನೋಡುವ ಅಧಿಕಾರ ಈ ಕಚೇರಿಗೆ ಇಲ್ಲ. ಕಾಗದಗಳನ್ನು ವಾಪಸ್ ಮಾಡಿದೆ.

ಗುರುಪಾದಪ್ಪ ಇದನ್ನು ಮೂರು ಸಲ ಓದಿದ. ತಪ್ಪು ವರದಿ ಇರುವವರೆಗೆ ದಿಲ್ಲಿ ಮುಟ್ಟುವಂತಿಲ್ಲ. ವರದಿ ತಪ್ಪೆಂದರೆ ಬೆಂಗಳೂರು ಮುಟ್ಟುವಂತಿಲ್ಲ. ಅವನಿಗೆ ಎಲ್ಲೂ ತರ್ಕದೋಷ ಕಾಣಲಿಲ್ಲ. ಮತ್ತೊಂದು ಪತ್ರ ಬರೆದ. ಬೆಂಗಳೂರಿನಿಂದ, ನಾವು ತೀರ್ಮಾನಿಸುವಂತಿಲ್ಲ ಎಂಬ ಹಿಂದಿನ ಟಿಪ್ಪಣಿಯದೇ ಪ್ರತಿ ಬಂತು, ತಾರೀಖು ಮಾತ್ರ ಬೇರೆ.

ಬಾಳಾಸಾಹೇಬ ಒಂದು ದಿನ ಕಚೇರಿಗೆ ಬಂದ. ಖಾ–೨ರ ಸುದ್ದಿ ಅವನಿಗೂ ಮುಟ್ಟಿತ್ತು. ಕಾರ್ಖಾನೆಯ ಕಡೆಯಿಂದ ದಿಲ್ಲಿಗೆ ಮೇಲ್ಮನವಿಯನ್ನೂ ಹಾಕಿದ್ದ.

"ನನಗೂ ಅದ ಕಾಗದಾ ಬಂತ್ರಿ, ಅಕ್ಷರ ಅಕ್ಷರ," ಅಂದ. "ಬೆಂಗಳೂರಿಗೆ ಹೋದ್ರ ನಿಮ್ಮ ಅರ್ಜಿ ಕೇಂದ್ರದ ಕಾಯ್ದೇ ಕೆಳಗೈತಿ, ನಮಗ ಸಂಬಂಧ ಇಲ್ಲ ಅಂದ್ರು. ಗುರುಪಾದಪ್ಪನವರ, ನೀವು ನನ್ನ ಕಡೆ ಖರೇ ಬರದೀರಿ, ಉಪಕಾರ ಆತು. ಖರೇ ಬರದು ಉಪಯೋಗ ಏನಾತು ಹೇಳ್ರಿ?"

"ನಿಮ್ಮ ಕಡೆ ಅಲ್ರಿ, ಮಣ್ಣಿನ ಕಡೆ ಬರದೀನಿ."

"ಮಣ್ಣು ನಿಮಗೇನ ಕೊಡತೈತಿ?" ಬಾಳಾಸಾಹೇಬ ನಕ್ಕ. ಅವನದು ಕೆಟ್ಟ ಮನಸ್ಸಾಗಿರಲಿಲ್ಲ, ಅವಸರದ ಮನಸ್ಸಾಗಿತ್ತು. ಆ ವರ್ಷವೇ ಕಾರ್ಖಾನೆ ಗಡಿಯಾಚೆ ಮಹಾರಾಷ್ಟ್ರದಲ್ಲಿ ಬೇರೆ ಕುಣಿ ನೋಡಿಕೊಂಡಿತು. ಅಲ್ಲಿ ಕುಂಬಾರರು ಇರಲಿಲ್ಲ. ಹೀಗಾಗಿ ಮಣ್ಣನ್ನು ಯಾರೂ ತಲೆ ಬಾಚಿ ಕಳಿಸಲಿಲ್ಲ.

೧೯೮೪ರ ಬೇಸಿಗೆಯಲ್ಲಿ ಮೂರು ಪುಟದ ಪತ್ರವೂ ಖಾ–೨ರ ಫಲಿತಾಂಶವೂ ಒಂದು ದಾರ ಕಟ್ಟಿಕೊಂಡು ಗುರುಪಾದಪ್ಪನ ಮೇಜಿಗೆ ಮರಳಿದವು. ಮೇಲೆ ತಮ್ಮಣ್ಣ ಟಿಪ್ಪಣಿ ಹಚ್ಚಿದ್ದ: 'ಸೂಕ್ತ ಫೈಲ್ ಇಲ್ಲದ ಕಾರಣ ಕಳಿಸಿದವರಿಗೇ ಮರಳಿಸಿದೆ.' ಬಸಲಿಂಗಪ್ಪನವರು ಹೋಗುತ್ತ ಬಾಗಿಲಲ್ಲಿ ನಿಂತು, "ಪತ್ರ ಮನ್ಯಾಗ ಇಟ್ಕೊಳ್ರಿ. ಫಲಿತಾಂಶ ಎಲ್ಲೆರ ಇಡ್ರಿ. ಸರಕಾರದಾಗ ಅದಕ್ಕ ಜಾಗಾ ಇಲ್ಲ," ಅಂದರು.

ಪತ್ರವನ್ನು ಅವನು ಮನೆಗೆ ಒಯ್ದ. ಫಲಿತಾಂಶವನ್ನು ಕಿಸೆಗೆ ಹಾಕಿಕೊಂಡು, ಮರುವಾರ ಖಾನಾಪುರದ ಕೆಲಸ ಬಿದ್ದಾಗ, ಇಮಾಮಹುಸೇನನಿಗೆ ಓಣಿಯ ಕಡೆ ತಿರುಗಿಸು ಅಂದ. ಇಮಾಮಹುಸೇನ ಆಗಲೇ ತಿರುಗಿಸಿದ್ದ.

ಪದ್ಮವ್ವ ಕಟ್ಟೆಯ ಮೇಲೆ ಬೂದಿ ಜರಡಿ ಹಿಡಿಯುತ್ತಿದ್ದಳು. ಏಳಲಿಲ್ಲ. "ಯಾವಾಗ ಬಿಡಬೇಕ್ರಿ ಕುಣಿ?" ಎಂದು ಕೇಳಿದಳು. ಒಂದು ವರ್ಷದಿಂದ ಆ ಪ್ರಶ್ನೆಯನ್ನು ಇಟ್ಟುಕೊಂಡು ಕೂತಿದ್ದಂತಿತ್ತು.

"ಬಿಡೂದಿಲ್ಲರಿ. ಕುಣಿ ನಿಮ್ಮದ."

"ಅಳಸಿದ್ರೇನು, ಕರಗತದನ್ನೂದು?"

"ಇಲ್ಲ. ಸರಕಾರದ ಲೆಕ್ಕದಾಗ ನಿಮ್ಮ ಮಣ್ಣು ಕರಗತೈತಿ. ಇನ್ನ ಮುಂದನೂ ಕರಗತೈತಿ. ಎರಡೂ ಸರಕಾರಕ್ಕ ಅದನ್ನ ನಿಲ್ಲಸಾಕ ಆಗಲಿಲ್ಲ."

ಅವನು ಕಾಗದ ತೆಗೆದು ಕೊಟ್ಟ. ಪದ್ಮವ್ವನಿಗೆ ಓದಲು ಬರುತ್ತಿರಲಿಲ್ಲ. ಲಕ್ಷ್ಮಪ್ಪ ಕೈ ಒರೆಸಿಕೊಂಡು ಬಂದು ಅಕ್ಷರ ಕೂಡಿಸಿ ಓದಿದ: ಖಾ–೨, ಸಾವಿರದ ಆರುನೂರಾ ನಲವತ್ತು, ಉತ್ತಮ ದರ್ಜೆ. ಕೊನೆಯದನ್ನು ಎರಡು ಸಲ ಓದಿಸಿದಳು. ಆಮೇಲೆ ಕಾಗದವನ್ನು ಮಡಚಿ, ಬಾಗಿಲ ಮೇಲಿನ ಗೂಡಿನಲ್ಲಿ ಗಂಡನ ಫೋಟೋದ ಹಿಂದೆ ಇಟ್ಟಳು.

"ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ," ಅಂದ ಗುರುಪಾದಪ್ಪ.

"ಯಾರಿಗೆ ಹೇಳ್ಲಿ? ಗೊತ್ತಿದ್ದವರಿಗೆ ಗೊತ್ತೈತಿ." ಪದ್ಮವ್ವ ಒಳಗೆ ಹೋಗಿ ಮಜ್ಜಿಗೆ ತಂದಳು. ಅವನು ಕುಡಿಯುವವರೆಗೆ ನಿಂತು ನೋಡಿದಳು. "ಸಾಹೇಬ್ರ, ಒಂದ ಕೇಳ್ಲಿ? ಎರಡನೇ ಸಲ ಕಳಸೂ ಮುಂದ ಹರಳು ಬೇರು ತಗದಿದ್ರೋ ಇಲ್ಲೋ?"

"ಇಲ್ರಿ. ಹಂಗ ಕಳಿಸೀನಿ."

"ಶಂಖದ ಹುಳಾ?"

"ಅದೂ ಇತ್ತು."

ಪದ್ಮವ್ವ ಲೋಟ ತೆಗೆದುಕೊಂಡು, ಬೇಸರದಿಂದ ತಲೆ ಅಲ್ಲಾಡಿಸಿದಳು. "ತಗದಿದ್ರ ಇನ್ನೂ ನೂರು ಡಿಗ್ರಿ ನಿಲ್ತಿತ್ತು," ಅಂದಳು.